ಲಾಗಿನ್ ಲಗ್ನಮೀಮಾಂಸೆ, ಅಥವಾ ತನ್ನನ್ನು ತಾನೇ ತುಂಬಿಕೊಳ್ಳುವ ಅರ್ಜಿಯ ಶಾಸ್ತ್ರ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳದೆ ಯಾವ ಶಾಸ್ತ್ರಗ್ರಂಥವೂ ಶುರುವಾಗಕೂಡದು ಎಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ಇದನ್ನು ಓದಲು ಅಧಿಕಾರಿ, ಒಂದೇ ಅರ್ಜಿಯನ್ನು ಮೂರು ಸಲ ತುಂಬಿದವನು. ವಿಷಯ, ನಾಲ್ಕನೆಯ ಸಲ. ಪ್ರಯೋಜನ, ಸ್ವೀಕೃತಿ ಸಂಖ್ಯೆ. ಸಂಬಂಧ ಸರ್ವರಿನೊಡನೆ, ಅದೂ ಹದಿನೈದು ನಿಮಿಷದ ಮಟ್ಟಿಗೆ, ಆಮೇಲೆ ಸೆಷನ್ ಮುಗಿಯುತ್ತದೆ.

ಮೂವತ್ತೊಂದು ವರ್ಷ ಕನ್ನಡ ವ್ಯಾಕರಣ ಪಾಠ ಹೇಳಿ ನಿವೃತ್ತನಾದವನಿಗೆ ಈ ಗೀಳು ಅಂಟಿಸಿದ್ದು ಎದುರುಮನೆಯ ಹುಡುಗ. ಏನಪ್ಪಾ ನಿನ್ನ ಕೆಲಸ ಎಂದು ಕೇಳಿದ್ದೆ. "ನಮ್ಮ ಕಂಪನಿಯದೊಂದು ಲಾಗಿನ್ ಪುಟ ಇದೆ ಸರ್. ದಿನಾ ಇನ್ನೂರು ಸಲ ಒಳಗೆ ಹೋಗಿ ಹೊರಗೆ ಬರಬೇಕು" ಎಂದ. ನೀನೇ ಹೋಗ್ತೀಯಾ? "ಇಲ್ಲ ಸರ್, ಸ್ಕ್ರಿಪ್ಟ್ ಹೋಗುತ್ತೆ, ನಾನು ಬರೆದಿಟ್ಟ ಪ್ರೋಗ್ರಾಂ." ಸಂಬಳ ಯಾರಿಗೆ ಬರುತ್ತದೆ ಎಂದು ಕೇಳುವುದು ಶಿಷ್ಟಾಚಾರವಲ್ಲವೆಂದು ಸುಮ್ಮನಾದೆ. ಈ ಪ್ರಬಂಧದಲ್ಲಿ ಅವನನ್ನು ಶಿಷ್ಯ ಎಂದು ಕರೆಯಲಾಗಿದೆ. ಅವನಿಗೆ ಇದು ಇನ್ನೂ ತಿಳಿದಿಲ್ಲ.

ನಿರುಕ್ತ ಪ್ರಕರಣ

ಹಿಂದೆ ಹಡಗಿನ ವೇಗ ಅಳೆಯಲು ಹಗ್ಗ ಕಟ್ಟಿ ಕಡಲಿಗೆ ಎಸೆಯುತ್ತಿದ್ದ ಮರದ ತುಂಡಿನ ಹೆಸರು ಲಾಗ್, ಅದರ ಲೆಕ್ಕ ಬರೆಯುವ ಪುಸ್ತಕ ಲಾಗ್‌ಬುಕ್, ಅದರಿಂದ ಲಾಗಿನ್. ಹೀಗೆಂದು ಪಾಶ್ಚಾತ್ಯ ನಿಘಂಟುಕಾರರ ಮತ. ಮರದ ತುಂಡಿಗೂ ಪಾಸ್‌ವರ್ಡಿಗೂ ಎತ್ತಣಿಂದೆತ್ತ ಸಂಬಂಧ? 'ಲಾಗಿನ್' ಶಬ್ದವು 'ಲಗ್ನ'ದ ತದ್ಭವ ಎಂಬುದು ಕುರುಡನಿಗೂ ಕಾಣುತ್ತದೆ. ಲಗ್ನಕ್ಕೆ ಮುಹೂರ್ತವಿದೆ, ರೈಲಿನ ತತ್ಕಾಲ್ ಟಿಕೆಟ್ಟಿಗೂ ಇದೆ, ಎಸಿ ದರ್ಜೆಗೆ ಹಿಂದಿನ ದಿನ ಬೆಳಿಗ್ಗೆ 10 ಗಂಟೆ, ಉಳಿದದ್ದಕ್ಕೆ 11. ಎರಡರಲ್ಲೂ ಹೆಸರು, ವಯಸ್ಸು, ಊರು ವಿಚಾರಿಸುತ್ತಾರೆ. ಅಂತರಪಟ ಸರಿಯುವ ತನಕ ಆಚೆ ಏನು ನಡೆದಿದೆ ತಿಳಿಯುವುದಿಲ್ಲ. ಇಲ್ಲಿ ಅಂತರಪಟದ ಬದಲು ಒಂದು ಬಳೆ ಸುತ್ತುತ್ತಿರುತ್ತದೆ. ಎರಡರಲ್ಲೂ ನಿಬಂಧನೆಗಳನ್ನು ಯಾರೂ ಓದದೆ ಒಪ್ಪಿಗೆ ಕೊಡುತ್ತಾರೆ. ಇಷ್ಟಾದ ಮೇಲೂ ಮರದ ತುಂಡು ಅನ್ನುವವರ ಜತೆ ನನಗೆ ವಾದವಿಲ್ಲ.

ಸಂಧಿ ಪ್ರಕರಣ

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಅರ್ಜಿಯ ಪುಟದಲ್ಲೂ ಅಷ್ಟೇ. 'ಸಲ್ಲಿಸಿ' ಒತ್ತಿದೊಡನೆ ತುಂಬಿದ್ದೆಲ್ಲ ಅಳಿಸಿಹೋದರೆ ಲೋಪ. ಎಲ್ಲೂ ಇಲ್ಲದ ಕೆಂಪಕ್ಷರ ನಡುವೆ ಬಂದು ಸೇರಿದರೆ ಆಗಮ. ಕೇಳಿದ ಪುಟದ ಜಾಗದಲ್ಲಿ ಇನ್ನೊಂದು ಪುಟ ಬಂದು ಕೂತರೆ ಆದೇಶ. ಸರ್ವರುಗಳ ಆಡುಮಾತಿನಲ್ಲಿ ಇದಕ್ಕೆ 302 ಎಂದು ಹೆಸರು. ಲಾಗಿನ್ ಗೆದ್ದರೂ ಸೋತರೂ 302 ಕೊಡುವ ತಾಣಗಳಿವೆ. ಎಲ್ಲಿಗೆ ಅಟ್ಟಿತು ಎಂಬುದನ್ನು ನೋಡಿಯೇ ಸ್ಕ್ರಿಪ್ಟು ತನ್ನ ಹಣೆಬರಹ ತಿಳಿಯಬೇಕು. ಇದಕ್ಕಿಂತ ಕುಟಿಲವಾದವು 'ಪಾಸ್‌ವರ್ಡ್ ತಪ್ಪು' ಎಂಬ ಪುಟವನ್ನೇ 200ರ ಜತೆ, ಅಂದರೆ 'ಎಲ್ಲ ಸರಿಯಾಗಿದೆ' ಎಂಬ ಸಂಖ್ಯೆಯ ಜತೆ ಕಳಿಸುತ್ತವೆ. ಎಳೆಯ ಸ್ಕ್ರಿಪ್ಟು ಅದನ್ನು ನಂಬಿ ಸಂಭ್ರಮಿಸುತ್ತದೆ. 'ಆಯ್ತು, ನೋಡೋಣ ಬನ್ನಿ' ಎಂದು ಗುಮಾಸ್ತ ಅಂದಾಗ ಕೆಲಸವಾಯಿತೆಂದು ಮನೆಗೆ ಹೋದವರು ಇದನ್ನು ಬೇಗ ಗ್ರಹಿಸುತ್ತಾರೆ.

ಪೂರ್ವಾಚಾರ್ಯರ ಪ್ರಕರಣ

ಈ ಶಾಸ್ತ್ರದ ಮೂಲಪುರುಷರಲ್ಲಿ ಒಬ್ಬ ಅಮೆರಿಕದ ಡಾನ್ ಲಿಬ್ಸ್. 1990ರಲ್ಲಿ ಆತ ಬೆಳಕಿಗೆ ತಂದ ತಂತ್ರಾಂಶದ ಹೆಸರು 'ಎಕ್ಸ್‌ಪೆಕ್ಟ್', ನಿರೀಕ್ಷೆ. ಯಂತ್ರ 'ಲಾಗಿನ್' ಎಂದು ಕೇಳುವವರೆಗೆ ಬಾಯಿ ಮುಚ್ಚಿ ಕಾಯುವುದು, ಕೇಳಿದೊಡನೆ ಹೆಸರು ಹೇಳುವುದು, 'ಪಾಸ್‌ವರ್ಡ್' ಎಂಬ ಸೊಲ್ಲು ಬರುವವರೆಗೆ ಮತ್ತೆ ಕಾಯುವುದು, ಬಂದೊಡನೆ ಒಪ್ಪಿಸುವುದು. ತಾಳಮದ್ದಳೆಯ ಅರ್ಥಧಾರಿ ಎದುರಾಳಿಯ ಕೊನೆಯ ಮಾತಿಗೆ ಕಿವಿಗೊಟ್ಟು ಕೂತಂತೆ. ಎದುರಾಳಿ ಬರೆದಿಟ್ಟದ್ದನ್ನು ಬಿಟ್ಟು ಬೇರೇನಾದರೂ ಅಂದರೆ ಮಾತ್ರ ಪೀಕಲಾಟ.

ಎರಡನೆಯ ಶಾಖೆ ಸೆಲೆನಿಯಂ. 2004ರಲ್ಲಿ ಷಿಕಾಗೋದ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಜೇಸನ್ ಹಗ್ಗಿನ್ಸ್ ಎಂಬಾತ ಕಟ್ಟಿದ್ದು. ಯಾವ ಘನಕಾರ್ಯಕ್ಕೆ? ನೌಕರರು ತಮ್ಮ ಸಮಯ ಮತ್ತು ಖರ್ಚುವೆಚ್ಚ ಬರೆಯುವ ಒಳಬಳಕೆಯ ತಂತ್ರಾಂಶವೊಂದನ್ನು ಪರೀಕ್ಷಿಸಲು. ಭತ್ಯೆಯ ಫಾರಂ ತುಂಬುವ ಬೇಸರವೇ ಇಷ್ಟು ದೊಡ್ಡ ವಿದ್ಯೆಯ ಹೆತ್ತತಾಯಿ ಎಂಬುದು ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಆಶ್ಚರ್ಯವಲ್ಲ. ಹೆಸರಿನಲ್ಲಿ ಶ್ಲೇಷೆಯಿದೆ: ಪ್ರತಿಸ್ಪರ್ಧಿ ಕಂಪನಿಯ ಹೆಸರು ಮರ್ಕ್ಯುರಿ, ಅಂದರೆ ಪಾದರಸ, ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ಮಾತಿದೆ. ಶ್ಲೇಷಾಲಂಕಾರಕ್ಕೆ ಉದಾಹರಣೆ ಕೊಡಿ ಎಂದು ಕೇಳಿದರೆ ವಿದ್ಯಾರ್ಥಿಗಳು ಹಳೆಯ ಪದ್ಯವನ್ನೇ ಬರೆಯುತ್ತಾರೆ. ಇದನ್ನು ಬರೆದಿದ್ದರೆ ನಾನು ಪೂರ್ಣಾಂಕ ಕೊಡುತ್ತಿದ್ದೆ.

ಸ್ಕ್ರಿಪ್ಟಿಗೆ ಪುಟ ಕಾಣುವುದಿಲ್ಲ. ಪೆಟ್ಟಿಗೆ ಎಲ್ಲಿದೆಯೆಂದು ವಿಳಾಸ ಕೊಡಬೇಕು. ಎಕ್ಸ್‌ಪಾತ್ ಎಂಬ ಆ ವಿಳಾಸಪದ್ಧತಿ ಅಪ್ಪಟ ಬೆಂಗಳೂರಿನದು: ಮೂರನೇ ಮೇನ್, ಎರಡನೇ ಕ್ರಾಸ್, ಒಳಗೆ ಹೋಗಿ ಬಲಗಡೆ ನಾಲ್ಕನೇ ಮನೆ. ಮಧ್ಯೆ ಯಾರಾದರೂ ಒಂದು ಜಾಹೀರಾತಿನ ಅಂಗಡಿ ತೆರೆದರೆ ನಾಲ್ಕನೇ ಮನೆ ಐದನೆಯದಾಗುತ್ತದೆ, ಸ್ಕ್ರಿಪ್ಟು ಪಕ್ಕದ ಮನೆಯ ಬಾಗಿಲಿಗೆ ಪಾಸ್‌ವರ್ಡ್ ಹಾಕಿ ಬರುತ್ತದೆ. ಶಿಷ್ಯನ ಸಂಬಳದ ಬಹುಪಾಲು ಈ ಮನೆ ಎಣಿಸುವುದಕ್ಕೇ ಸಂದಾಯವಾಗುತ್ತಿದೆಯೆಂದು ನನ್ನ ಅಂದಾಜು.

ವಿಳಾಸ ಸಿಕ್ಕಿದರೆ ಸಾಲದು, ಟೋಕನ್ ಬೇಕು. ದರ್ಶಿನಿಯಲ್ಲಿ ನೇರ ದೋಸೆಕಲ್ಲಿನ ಮುಂದೆ ಹೋಗಿ ನಿಂತರೆ ಕೊಡುತ್ತಾರೆಯೇ? ಮೊದಲು ಕ್ಯಾಷಿನಲ್ಲಿ ಬಿಲ್ಲು, ಆಮೇಲೆ ದೋಸೆ. ಹಾಗೆಯೇ ಸರ್ವರು ಅರ್ಜಿಯ ಪುಟ ಕೊಡುವಾಗ ಅದರ ಸೆರಗಿನಲ್ಲಿ ಒಂದು ಗುಪ್ತಸಂಖ್ಯೆ ಗಂಟು ಹಾಕಿ ಕಳಿಸುತ್ತದೆ. ಅರ್ಜಿಯ ಜತೆ ಅದು ವಾಪಸು ಬರಬೇಕು. ಪುಟ ತರಿಸದೆ ನೇರ ಅರ್ಜಿ ಎಸೆದವನಿಗೆ 403. ದೋಸೆಯಿಲ್ಲ.

ಕಬಂಧ ಮತ್ತು ಪುಣ್ಯಕೋಟಿ

2017ರಲ್ಲಿ ಕ್ರೋಮ್ ಬ್ರೌಸರಿಗೆ ತಲೆ ಇಲ್ಲದೆ ಓಡುವ ಸಾಮರ್ಥ್ಯ ಬಂತು. ಕಿಟಕಿಯಿಲ್ಲ, ಪರದೆಯಿಲ್ಲ, ನೋಡುವವರಿಲ್ಲ, ಆದರೂ ಪುಟ ತೆರೆಯುತ್ತದೆ, ಗುಂಡಿ ಒತ್ತುತ್ತದೆ. ಇಂಗ್ಲಿಷರು ಹೆಡ್‌ಲೆಸ್ ಅಂದರು. ನಮ್ಮಲ್ಲಿ ಹೆಸರು ಆಗಲೇ ಇತ್ತು: ಕಬಂಧ. ತಲೆಯಿಲ್ಲ, ಕೈ ಮಾತ್ರ ಯೋಜನದುದ್ದ. ದಂಡಕಾರಣ್ಯದಲ್ಲಿ ಕೂತಲ್ಲೇ ಕೂತು ದೂರದ್ದನ್ನೆಲ್ಲ ಬಾಚುತ್ತಿದ್ದವನನ್ನು ಇಂದಿನ ಡೇಟಾ ಸೆಂಟರಿನಲ್ಲಿ ಗುರುತಿಸುವುದು ಕಷ್ಟವಲ್ಲ.

ಇನ್ನೊಂದು ಸೋಜಿಗ ಉಂಟು. ಬ್ರೌಸರನ್ನು ಸ್ಕ್ರಿಪ್ಟು ಆಡಿಸುತ್ತಿದೆಯೇ ಎಂದು ಯಾವ ತಾಣ ಬೇಕಾದರೂ ಕೇಳಬಹುದು. ಆಡಿಸುತ್ತಿದ್ದರೆ ಬ್ರೌಸರ್ 'ಹೌದು' ಎನ್ನಬೇಕೆಂದು ಜಾಲದ ಮಾನಕಗಳಲ್ಲೇ ಬರೆದಿಟ್ಟಿದ್ದಾರೆ. ನ್ಯಾವಿಗೇಟರ್ ಡಾಟ್ ವೆಬ್‌ಡ್ರೈವರ್ ಎಂಬ ಆ ಪುಟ್ಟ ಗುಣ ನಮ್ಮ ಪುಣ್ಯಕೋಟಿಯೇ. ಹುಲಿಯ ಎದುರು ನಿಂತು 'ನಾನು ಯಂತ್ರ, ಇಗೋ ಬಂದಿದ್ದೇನೆ' ಅನ್ನುತ್ತದೆ. ಕಥೆಯ ಹುಲಿಗೆ ನಾಚಿಕೆಯಾಯಿತು. ಈ ಹುಲಿ ತಿಂದುಬಿಡುತ್ತದೆ. ಆದ್ದರಿಂದ ಕಳ್ಳಹಾದಿಯ ಸ್ಕ್ರಿಪ್ಟುಗಾರ ಕಲಿಯುವ ಮೊದಲ ಪಾಠ, ಪುಣ್ಯಕೋಟಿಗೆ ಸುಳ್ಳು ಹೇಳಿಸುವುದು.

ಮರೆತ ಪಾಸ್‌ವರ್ಡ್ ಪ್ರಕರಣ

ಇದನ್ನು ವಿಸ್ತಾರವಾಗಿ ಬರೆದಿಟ್ಟಿದ್ದೆ. ಆ ಕಡತಕ್ಕೆ ಪಾಸ್‌ವರ್ಡ್ ಹಾಕಿದ್ದೆ.

ವಿಳಂಬ ಪ್ರಕರಣ

ಈಗ ಶಾಸ್ತ್ರದ ಹೃದಯಕ್ಕೆ ಬಂದೆವು. ಸ್ಕ್ರಿಪ್ಟು ವೇಗಕ್ಕಾಗಿ ಹುಟ್ಟಿದ್ದು ಎಂಬುದು ಪೂರ್ವಪಕ್ಷ. ಮೇಲ್ನೋಟಕ್ಕೆ ಹೌದು. ತತ್ಕಾಲ್ ತೆರೆದ ಕ್ಷಣಕ್ಕೆ ನಾವು ಪ್ರಯಾಣಿಕನ ಹೆಸರಿನ ಮೊದಲ ಅಕ್ಷರ ಹುಡುಕುತ್ತಿರುವಾಗ ದಲ್ಲಾಳಿಯ ಸ್ಕ್ರಿಪ್ಟು ನಾಲ್ಕು ಜನರ ವಂಶಾವಳಿ ತುಂಬಿ ಹಣ ಕಟ್ಟುವ ಪುಟ ತಲುಪಿರುತ್ತಿತ್ತು. ಮೊದಲ ಐದು ನಿಮಿಷದ ಲಾಗಿನ್ ಯತ್ನಗಳಲ್ಲಿ ಶೇ. 50ರವರೆಗೂ ಸ್ಕ್ರಿಪ್ಟಿನಿಂದ ಆಡುವ ಬಾಟ್‌ಗಳವೇ ಎಂದು 2025ರಲ್ಲಿ ರೈಲ್ವೆಯೇ ಹೇಳಿತು. ಎರಡೂವರೆ ಕೋಟಿ ಸಂಶಯಾಸ್ಪದ ಐಡಿಗಳನ್ನು ನಿಷ್ಕ್ರಿಯಗೊಳಿಸಿತು. ಆ ಜುಲೈಯಿಂದ ತತ್ಕಾಲಿಗೆ ಆಧಾರ್ ದೃಢೀಕರಣ ಕಡ್ಡಾಯ, ಏಜೆಂಟರಿಗೆ ಮೊದಲ ಅರ್ಧ ಗಂಟೆ ಪ್ರವೇಶವಿಲ್ಲ. ಹತ್ತಾರು ಐಡಿ ಮಾಡಿಕೊಂಡು ಟಿಕೆಟ್ ಮಾರುವವನಿಗೆ 1989ರ ರೈಲ್ವೆ ಕಾಯ್ದೆಯ 143ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಇಂಟರ್ನೆಟ್ಟನ್ನೇ ಕಾಣದ ಕಾಯ್ದೆ ಇ-ಟಿಕೆಟ್ಟಿಗೆ ಹೇಗೆ ಅನ್ವಯಿಸುತ್ತದೆ ಎಂಬ ಆಕ್ಷೇಪವೂ ಎದ್ದಿತ್ತು. ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತೀರ್ಮಾನಿಸಿತು. ಸೂತ್ರ ಹಳೆಯದು, ವೃತ್ತಿ ಹೊಸದು. ವ್ಯಾಖ್ಯಾನಕಾರರಾದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಇದಕ್ಕೂ ಹಿಂದಿನ ಒಂದು ನಿಯಮ. ಪ್ರಯಾಣಿಕರ ವಿವರ ತುಂಬಲು ಕನಿಷ್ಠ 25 ಸೆಕೆಂಡು, ಮುಂದೆ ವಿವರಿಸಲಿರುವ ಕ್ಯಾಪ್ಚಾಕ್ಕೆ ಕನಿಷ್ಠ 5 ಸೆಕೆಂಡು ಹಿಡಿಯಲೇಬೇಕು ಎಂದು ರೈಲ್ವೆಯ ಟಿಕೆಟ್ ತಾಣ ನಿಗದಿ ಮಾಡಿತು. ಅದಕ್ಕಿಂತ ಬೇಗ ತುಂಬಿದರೆ ತುಂಬಿದವನು ಮನುಷ್ಯನಲ್ಲ. ಮನುಷ್ಯ ಎಂದರೇನು ಎಂಬ ಪ್ರಶ್ನೆಗೆ ಉಪನಿಷತ್ತಿನಿಂದ ಹಿಡಿದು ಎಲ್ಲರೂ ತಡಕಾಡಿದ್ದಾರೆ. ಸೆಕೆಂಡಿನ ಲೆಕ್ಕದಲ್ಲಿ ಉತ್ತರ ಕೊಟ್ಟದ್ದು ಭಾರತೀಯ ರೈಲ್ವೆ. ನಮ್ಮ ಲಕ್ಷಣ ಬುದ್ಧಿಯಲ್ಲ, ಭಾಷೆಯಲ್ಲ, ಕರುಣೆಯಂತೂ ಅಲ್ಲ. ತಡ.

ಇದು ಸ್ಕ್ರಿಪ್ಟುಗಾರರಿಗೆ ತಿಳಿಯದ ಸಂಗತಿಯಲ್ಲ. ಅವರ ಭಾಷೆಗಳಲ್ಲಿ 'ಸ್ಲೀಪ್' ಎಂಬ ಧಾತುವಿದೆ: ಇಷ್ಟು ಸೆಕೆಂಡು ಮಲಗು. ನನ್ನ ಶಿಷ್ಯ ಪುಟ ತೆರೆದುಕೊಳ್ಳಲೆಂದು ಇದನ್ನು ಬಳಸಿದರೆ ದಲ್ಲಾಳಿ ಮನುಷ್ಯನೆನಿಸಿಕೊಳ್ಳಲು ಬಳಸುತ್ತಾನೆ. ಪ್ರತಿ ಸಲವೂ ಸರಿಯಾಗಿ ಮೂರೇ ಸೆಕೆಂಡು ಮಲಗಿದರೆ ಅದೂ ಯಂತ್ರದ ಗುರುತೇ. ಆದ್ದರಿಂದ ಒಮ್ಮೆ ಎರಡು, ಒಮ್ಮೆ ನಾಲ್ಕೂಮುಕ್ಕಾಲು, ಮಧ್ಯೆ ಯಾರೋ ಕಾಫಿಗೆ ಕರೆದಂತೆ ಒಂಬತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಲಕ್ಷ ಲೆಕ್ಕ ಮುಗಿಸಬಲ್ಲ ಯಂತ್ರ ತಲೆ ಕೆರೆದುಕೊಂಡಂತೆ ನಟಿಸುತ್ತ ಕೂತಿದೆ. ಆಚೆ ಕಡೆ ನಾವು ಹತ್ತಕ್ಕೆ ಇನ್ನೂ ಎರಡು ನಿಮಿಷ ಇರುವಾಗಲೇ ಬೆರಳು ಗುಂಡಿಯ ಮೇಲಿಟ್ಟು, ಉಸಿರು ಹಿಡಿದು, ಗಡಿಯಾರವನ್ನೇ ನೋಡುತ್ತ, ಒಂದೇ ಚಲನೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸುತ್ತ ಕೂತಿದ್ದೇವೆ. ಇಬ್ಬರ ನಡುವೆ ಸರ್ವರು, ಯಾರು ಯಾರೆಂದು ತಿಳಿಯದೆ.

ಯಕ್ಷ ಪ್ರಕರಣ

ಯಂತ್ರ ಮನುಷ್ಯನಂತೆ ಮಾತಾಡಬಲ್ಲುದೇ ಎಂದು ಮನುಷ್ಯನೇ ಪರೀಕ್ಷಿಸಲಿ ಎಂದವನು ಅಲನ್ ಟ್ಯೂರಿಂಗ್, 1950ರಲ್ಲಿ. ಆಮೇಲೆ ಲೂಯಿಸ್ ವಾನ್ ಆನ್ ಮತ್ತು ಮೂವರು ಸಂಗಡಿಗರು ಅದನ್ನು ತಲೆಕೆಳಗು ಮಾಡಿ ಕ್ಯಾಪ್ಚಾ ಎಂದು ಹೆಸರಿಟ್ಟರು: ಈಗ ಪರೀಕ್ಷಕ ಯಂತ್ರ, ಪರೀಕ್ಷಾರ್ಥಿ ನಾವು. ಸೊಟ್ಟ ಅಕ್ಷರ ಓದಿಸುವ ಈ ಪರೀಕ್ಷೆಯಿಂದ ಮುಂದೆ ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಗಳನ್ನು ಅಕ್ಷರರೂಪಕ್ಕೆ ಇಳಿಸುವ ಬಿಟ್ಟಿ ಚಾಕರಿಯೂ ನಡೆಯಿತು. 2014ರಲ್ಲಿ ಗೂಗಲ್ 'ನಾನು ರೋಬಾಟ್ ಅಲ್ಲ' ಎಂಬ ಚೌಕ ತಂದಿತು. ಯಂತ್ರದ ಮುಂದೆ ಕೈಯೆತ್ತಿ ತಾನು ಯಂತ್ರವಲ್ಲವೆಂದು ಪ್ರಮಾಣ ಮಾಡುವುದು. ಪ್ರಮಾಣವನ್ನು ಅದು ಪೂರ್ತಿ ನಂಬುವುದಿಲ್ಲ, ಪುಟದಲ್ಲಿ ನಾವು ನಡೆದುಕೊಂಡ ರೀತಿಯನ್ನೆಲ್ಲ ತೂಗಿ ನೋಡುತ್ತದೆ. ಧರ್ಮರಾಯ ಯಕ್ಷನ ಪ್ರಶ್ನೆಗೆಲ್ಲ ಉತ್ತರಿಸಿ ತಮ್ಮಂದಿರನ್ನು ಬದುಕಿಸಿಕೊಂಡ. ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನೆಲ್ಲ ಆರಿಸು ಎಂದಿದ್ದರೆ, ಕಂಬವೂ ಸೇರುತ್ತದೆಯೇ ಎಂಬ ಜಿಜ್ಞಾಸೆಯಲ್ಲೇ ಪಾಂಡವರು ನಾಲ್ವರು ಕಡಿಮೆಯಾಗುತ್ತಿದ್ದರು.

ಸ್ವಾನುಭವ ಪ್ರಕರಣ

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲು. ಕಳೆದ ತಿಂಗಳು ಒಂದು ಅರ್ಜಿ ಹಾಕಬೇಕಿತ್ತು. ಯಾವ ಕಚೇರಿ ಎಂಬುದು ಇಲ್ಲಿ ಅಪ್ರಸ್ತುತ. ಕಷ್ಟಪಟ್ಟು ತುಂಬಿ ಸಲ್ಲಿಸಿದೆ. 'ಅಸಹಜ ಚಟುವಟಿಕೆ ಕಂಡುಬಂದಿದೆ' ಎಂಬ ಉತ್ತರ ಬಂತು. ಇನ್ನೊಮ್ಮೆ, ಮತ್ತೊಮ್ಮೆ, ಅದೇ. ನನ್ನ ನಿವೃತ್ತ ಜೀವನದಲ್ಲಿ ಚಟುವಟಿಕೆಯೇ ಅಪರೂಪ, ಅಸಹಜದ್ದು ಎಲ್ಲಿಂದ ಬರಬೇಕು?

ಶಿಷ್ಯನನ್ನು ಕರೆದೆ. ಪುಟದ ಹೊಟ್ಟೆ ಬಗೆದು ನೋಡಿ ನಕ್ಕ. ಬಾಟ್ ಹಿಡಿಯಲು ಅವರು ಕಣ್ಣಿಗೆ ಕಾಣದ ಒಂದು ಖಾನೆ ಇಟ್ಟಿದ್ದಾರಂತೆ. ಅದಕ್ಕೆ ಜೇನುಕುಡಿಕೆ ಎಂದು ಹೆಸರು. ಮನುಷ್ಯನಿಗೆ ಕಾಣದ್ದರಿಂದ ಖಾಲಿ ಬಿಡುತ್ತಾನೆ, ಬಾಟ್ ಆಸೆಗೆ ಬಿದ್ದು ತುಂಬಿ ಸಿಕ್ಕಿಬೀಳುತ್ತದೆ. ನನ್ನ ಬ್ರೌಸರು ಉಪಕಾರಬುದ್ಧಿಯಿಂದ ಹಳೆಯ ವಿಳಾಸವನ್ನು ತಾನಾಗಿ ತುಂಬುವಾಗ ಆ ಖಾನೆಯನ್ನೂ ತುಂಬಿಬಿಟ್ಟಿತ್ತು. ಹೀಗೆ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಬಾಟ್ ಆಗಿ ಸಿಕ್ಕಿಬಿದ್ದೆ.

"ತಡೀರಿ ಸರ್, ಸ್ಕ್ರಿಪ್ಟಲ್ಲಿ ಹಾಕೋಣ" ಅಂದ. ಇಪ್ಪತ್ತು ನಿಮಿಷ ಕುಟ್ಟಿದ. ಆಮೇಲೆ ಇಬ್ಬರೂ ಕೈಕಟ್ಟಿ ಕೂತು ನೋಡಿದೆವು. ಪುಟ ತೆರೆಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಓದುತ್ತಿರುವಂತೆ. ಹೆಸರಿನ ಖಾನೆಯಲ್ಲಿ ಒಂದೊಂದೇ ಅಕ್ಷರ ಮೂಡತೊಡಗಿತು. ನಾಲ್ಕನೆಯದು ತಪ್ಪಿತು. ನಿಂತಿತು. ಅಳಿಸಿತು. ಸರಿಯಾಗಿ ಬರೆಯಿತು. ತಪ್ಪನ್ನೂ ಅವನೇ ಹೇಳಿಕೊಟ್ಟಿದ್ದ. ಮೂವತ್ತೊಂದು ವರ್ಷ ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಇಷ್ಟು ಪ್ರಾಮಾಣಿಕವಾದ ಹೊಡೆದುಹಾಕುವಿಕೆ ನಾಲ್ಕಾರು ಕಂಡಿದ್ದರೆ ಹೆಚ್ಚು. ಕಾಣದ ಖಾನೆಯನ್ನು ಅದು ನೋಡಲೇ ಇಲ್ಲ.

ಕೊನೆಗೆ ಕ್ಯಾಪ್ಚಾ ಬಂತು. ಸ್ಕ್ರಿಪ್ಟು ನಿಂತಿತು. ಶಿಷ್ಯ ಕುರ್ಚಿ ಬಿಟ್ಟು ಎದ್ದ. "ಸರ್, ಇದೊಂದು ನೀವೇ ಮಾಡಿಕೊಡಬೇಕು. ಅದು ಕಾಯುತ್ತೆ" ಅಂದ.

ಕೂತೆ. ಕನ್ನಡಕ ಒರೆಸಿದೆ. ಆರು ಅಕ್ಷರಗಳ ಪಾಠ, ಮೇಲೆ ಎರಡು ಗೀಟು. ಐದನೆಯದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.