ಹತ್ತು ಸಾವಿರ ಹನಿಗಳು

ಶುಶ್ರೂಷೆಯೆಂಬುದು ಪ್ರಧಾನವಾಗಿ ಎಣಿಕೆಯ ವಿದ್ಯೆಯೆಂದು ನಾಲ್ಕು ವರ್ಷಗಳ ಪರ್ಯಂತ ನಮಗೆ ಬೋಧಿಸಿದ್ದರು. ನಾಡಿಯನ್ನು ಎಣಿಸಬೇಕು; ಉಸಿರನ್ನೂ ಎಣಿಸಬೇಕು, ಅದೂ ರೋಗಿಗೆ ತಿಳಿಯದಂತೆ, ಏಕೆಂದರೆ ತನ್ನ ಉಸಿರನ್ನು ಯಾರೋ ಲೆಕ್ಕ ಹಾಕುತ್ತಿದ್ದಾರೆಂದು ಗೊತ್ತಾದೊಡನೆಯೇ ಮನುಷ್ಯನು ಸಭೆಯಲ್ಲಿ ವಂದನಾರ್ಪಣೆಗೆ ನಿಂತವನ ಹಾಗೆ ಉಸಿರಾಡತೊಡಗುತ್ತಾನೆ. ಕುಡಿದ ನೀರು, ಹೊರಹೋದ ಮೂತ್ರ ಇವೆರಡನ್ನೂ ಅಳೆದು ಜಮಾಖರ್ಚಿನಂತೆ ಬರೆದಿಡಬೇಕು. ರಕ್ತನಾಳಕ್ಕೆ ಚುಚ್ಚುವ ಕ್ಯಾನುಲಾಗಳಲ್ಲಿ ಸಂಖ್ಯೆ ಏರಿದಂತೆಲ್ಲ ಗಾತ್ರ ಇಳಿಯುವುದೆಂಬ ವಿಪರೀತ ನ್ಯಾಯವನ್ನು ಒಪ್ಪಿಕೊಂಡು, 18 ಹಸುರು, 20 ಗುಲಾಬಿ, 22 ನೀಲಿ, 24 ಹಳದಿ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ನಮ್ಮ ಕುಲದ ಮೂಲಮಾತೆಯಾದ ಫ್ಲಾರೆನ್ಸ್ ನೈಟಿಂಗೇಲಳ ಕೈಯಲ್ಲಿ ಚಿತ್ರಕಾರರು ದೀಪವೊಂದನ್ನೇ ಇಟ್ಟರು. ಆದರೆ ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದವೆಂಬುದನ್ನು 1858ರಲ್ಲಿ ಬಣ್ಣದ ನಕ್ಷೆಗಳ ಮೂಲಕ ತೋರಿಸಿ, ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪ್ರಥಮ ಮಹಿಳಾ ಸದಸ್ಯೆಯೆನಿಸಿದವಳೂ ಆಕೆಯೇ. ಆದಕಾರಣ, ಆಕೆ ಬರೆಯದಿದ್ದರೂ ಆಕೆಯ ಹೆಸರನ್ನು ಹೊತ್ತಿರುವ, 1893ರಲ್ಲಿ ಅಮೆರಿಕೆಯ ಡೆಟ್ರಾಯಿಟ್ ನಗರದಲ್ಲಿ ರಚಿತವಾದ ಪ್ರತಿಜ್ಞೆಯನ್ನು ನನ್ನ ಸಹಪಾಠಿಗಳು ದೀಪ ಹಿಡಿದು ಗದ್ಗದಕಂಠರಾಗಿ ಪಠಿಸುತ್ತಿದ್ದ ಸಮಯದಲ್ಲಿ, ನಾನು ಮಾತ್ರ ಸೆಕೆಂಡಿನ ಮುಳ್ಳಿರುವ ಒಳ್ಳೆಯ ಗಡಿಯಾರವೊಂದನ್ನು ಕೊಳ್ಳುವ ಆಲೋಚನೆಯಲ್ಲಿ ಮಗ್ನಳಾಗಿದ್ದೆನು.

ಪದವಿ ಬಂತು, ನೋಂದಣಿ ಆಯಿತು, ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಅಮ್ಮ ಗಡಿಯಾರವನ್ನೂ ಕೊಡಿಸಿದಳು. ಮಲೆನಾಡಿನ ಒಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಕೆಲಸವೂ ದೊರೆಯಿತು. ನನಗೆ ರಾತ್ರಿಯ ಪಾಳಿ ಹಾಕಿದರು.

ನಮ್ಮ ಜನಕ್ಕೆ ಗ್ಲೂಕೋಸಿನ ಮೇಲಿರುವ ಭಕ್ತಿ ಸರ್ವವಿದಿತವಷ್ಟೆ. ಸೀಸೆಯಲ್ಲಿರುವುದು ಉಪ್ಪುನೀರಾದರೂ ಅದು ಗ್ಲೂಕೋಸೇ; ಅದನ್ನು ಏರಿಸಿಕೊಳ್ಳದೆ ಮನೆಗೆ ಹೋದವನು ಆಸ್ಪತ್ರೆಗೆ ಬಂದವನೇ ಅಲ್ಲ. ವಾಂತಿಭೇದಿಯಿಂದ ನಿತ್ರಾಣರಾಗಿ ಬಂದಿದ್ದ ಒಬ್ಬ ವೃದ್ಧರಿಗೆ 500 ಮಿಲಿಲೀಟರಿನ ಸೀಸೆಯನ್ನು ನಾಲ್ಕು ಗಂಟೆಗಳ ಅವಧಿಯಲ್ಲಿ ಏರಿಸತಕ್ಕದ್ದೆಂದು ವೈದ್ಯರು ಬರೆದು ಹೋಗಿದ್ದರು. ನಮ್ಮ ಇನ್‌ಚಾರ್ಜ್ ಸಿಸ್ಟರಾಗಿದ್ದರೆ ನಳಿಕೆಯ ಮೇಲಿನ ಪುಟ್ಟ ಉರುಳೆಯನ್ನು ಹೆಬ್ಬೆರಳಿನಿಂದ ಒಮ್ಮೆ ತೀಡಿ, ತಿರುಗಿ ಸಹ ನೋಡದೆ, ಮುಂದಿನ ಹಾಸಿಗೆಗೆ ನಡೆದುಬಿಡುತ್ತಿದ್ದರು. ಅವರು ಹಾಗೆ ಮಾಡಿ ಹೋದಮೇಲೆ ನಾನು ಗುಟ್ಟಾಗಿ ಎಣಿಸಿ ನೋಡಿದ್ದುಂಟು, ಲೆಕ್ಕ ಕೂದಲೆಳೆಯಷ್ಟೂ ತಪ್ಪಿರುತ್ತಿರಲಿಲ್ಲ. ಅದು ನನಗೆ ತುಸು ಅಸಮಾಧಾನವನ್ನೇ ಉಂಟುಮಾಡುತ್ತಿತ್ತು. ನಾನಾದರೋ ಶಾಸ್ತ್ರಾನುಸಾರವಾಗಿ ಮಂಚದ ಪಕ್ಕದಲ್ಲಿ ನೆಟ್ಟಗೆ ನಿಂತು, ಗಡಿಯಾರವನ್ನು ಸೀಸೆಯ ಸಮಕ್ಕೆ ಎತ್ತಿ ಹಿಡಿದು, ಕಣ್ಣನ್ನು ಹನಿಯ ಮೇಲೆ ನೆಟ್ಟು, ತುಟಿಗಳನ್ನು ಮಾತ್ರ ಅಲುಗಿಸುತ್ತ ಎಣಿಸತೊಡಗಿದೆನು.

"ಸಿಸ್ಟರಮ್ಮ ಜಪ ಮಾಡ್ತಿದಾರೆ, ಸುಮ್ನಿರ್ರೋ!" ಎಂದು ಪಕ್ಕದ ಹಾಸಿಗೆಯ ಅಜ್ಜಿಯೊಬ್ಬಳು ಗದರಿದಳು. ಭೇಟಿಯ ಸಮಯ ಮುಗಿದ ಗಂಟೆಗೂ ಕಾವಲುಗಾರನ ಕೂಗಿಗೂ ಎಂದೂ ಮಣಿಯದಿದ್ದ ಆ ವಾರ್ಡು ತತ್‌ಕ್ಷಣವೇ ನಿಶ್ಶಬ್ದವಾಯಿತು. ಅಜ್ಜಿ ಕೈಮುಗಿದಳು. ಅವಳನ್ನು ನೋಡಿ ಇನ್ನಿಬ್ಬರು ಮುಗಿದರು. ಅಂತಹ ಗೌರವವು ನನ್ನ ಜೀವಮಾನದಲ್ಲಿ ಮತ್ತೆ ಲಭಿಸುವ ಸಂಭವವಿಲ್ಲವೆಂದು ಮನಗಂಡು, ಒಂದು ನಿಮಿಷ ಸಾಕಾಗುವ ಎಣಿಕೆಯನ್ನು ನಾನು ಎರಡು ನಿಮಿಷಕ್ಕೆ ವಿಸ್ತರಿಸಿದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೌನವನ್ನು ಮುರಿದವರು ರೋಗಿಯೇ. "ಎಷ್ಟಾಯ್ತಮ್ಮ?" ಎಂದರು.

ಅವರು ಅಡಕೆ ಮಂಡಿಯೊಂದರಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆದ ಗುಮಾಸ್ತರು. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ದರಗಳನ್ನು ನಿದ್ರೆಯಲ್ಲಿಯೂ ಹೇಳಬಲ್ಲವರು. ಇದನ್ನರಿಯದ ನಾನು ನನ್ನ ವಿದ್ಯೆಯನ್ನೆಲ್ಲ ಅವರ ಮುಂದೆ ಹರವಿದೆನು: ಈ ನಳಿಕೆಯಲ್ಲಿ ಮಿಲಿಲೀಟರಿಗೆ 20 ಹನಿ, 500 ಮಿಲಿಲೀಟರಿಗೆ 10,000 ಹನಿ, ನಾಲ್ಕು ಗಂಟೆಗೆ 240 ನಿಮಿಷ, ಭಾಗಿಸಿದರೆ ನಿಮಿಷಕ್ಕೆ ನಲವತ್ತೊಂದೂ ಮೂರರಲ್ಲೆರಡು.

"ಮೂರರಲ್ಲೆರಡು ಹನಿ ಬೀಳೋದು ಹೇಗಮ್ಮ?"

"ಅದನ್ನ 42 ಅಂತ ಹಿಡ್ಕೋತೀವಿ, ತಾತ."

ಗುಮಾಸ್ತರು ಕಣ್ಣು ಮುಚ್ಚಿದರು. ಆಯಾಸವಾಯಿತೆಂದು ನಾನು ನಾಡಿ ಹಿಡಿಯಲು ಹೋದರೆ, "ತಡೀರಿ" ಎಂದು ಕೈಯನ್ನು ಬಿಡಿಸಿಕೊಂಡರು. "ಹಾಗಾದ್ರೆ ನಾಲ್ಕು ಗಂಟೆಗೆ 10,080 ಆಯ್ತು. ಬಾಟ್ಲಲ್ಲಿರೋದು 10,000. ಈ 80 ಹನಿ ಎಲ್ಲಿಂದ ತರ್ತೀರಿ?"

ನನ್ನ ಪರೀಕ್ಷಕರಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ನಾನು ಕಾಗದ ತಂದೆ. ಅವರು ಕಾಗದ ಬೇಡವೆಂದರು. ಬಾಟಲಿಯು ಸುಮಾರು ಎರಡು ನಿಮಿಷ ಮೊದಲೇ ಮುಗಿಯುವುದೆಂದು ಕಡೆಗೆ ಇಬ್ಬರೂ ಒಡಂಬಟ್ಟ ಮೇಲೆ, "ಹಾಗೆ ಹೇಳಿ ಮತ್ತೆ" ಎಂದು ಅವರು ಪ್ರಸನ್ನರಾಗಿ, ತಮ್ಮ ಸೀಸೆಯನ್ನು ತಾವೇ ಎಣಿಸಲಾರಂಭಿಸಿದರು.

ಎಣಿಕೆಯು ಸಾಂಕ್ರಾಮಿಕವೆಂದು ನಮ್ಮ ಪಠ್ಯಗಳಲ್ಲಿ ಬರೆದಿಲ್ಲ. ಅರ್ಧ ಗಂಟೆಯೊಳಗೆ ಪ್ರತಿಯೊಂದು ಹಾಸಿಗೆಯ ಬಳಿಯೂ ಒಬ್ಬೊಬ್ಬರು ಮೊಬೈಲು ಹಿಡಿದು ಮೇಲಕ್ಕೆ ನೋಡುತ್ತ ಕುಳಿತರು. 60 ಹನಿಯವನ ಹೆಂಡತಿಯ ಮುಖದಲ್ಲಿ ಒಂದು ಬಗೆಯ ಜಂಬ ಕಾಣಿಸಿಕೊಂಡಿತು. 30 ಹನಿಯವನ ಅತ್ತೆ ಮನೆಯವರು ಪರಸ್ಪರ ಪಿಸುಗುಟ್ಟಿದರು. ಮೂಲೆಯ ಹಾಸಿಗೆಯಲ್ಲಿದ್ದ ಮುದುಕರ ಮಗನಂತೂ ನೇರವಾಗಿ ನನ್ನ ಮೇಜಿಗೇ ಬಂದು, "ಎಲ್ಲಾರಿಗೂ ಅಷ್ಟಷ್ಟು ಬಿಟ್ಟು ನಮ್ಮಪ್ಪಂಗೆ ಮಾತ್ರ ಹದಿನೈದೇನಾ? ನಾವೇನು ವೋಟು ಹಾಕಿಲ್ವಾ?" ಎಂದು ವಿಚಾರಿಸಿದನು. ಅವರ ಹೃದಯ ದುರ್ಬಲವಾಗಿದೆ, ಬೇಗ ಬಿಟ್ಟರೆ ನೀರು ಶ್ವಾಸಕೋಶಕ್ಕೆ ಸೇರುತ್ತದೆ, ಆದ್ದರಿಂದ ಹೆಚ್ಚು ಬಿಡಬಾರದೆಂದು ನಾನು ವಿವರಿಸಿದೆನು. ಅವನು "ಹೂಂ" ಎಂದನು. ರೋಗಿಯ ಕಡೆಯವರ "ಹೂಂ" ಎಂಬುದಕ್ಕೆ ಒಪ್ಪಿಗೆಯೆಂದು ಅರ್ಥಮಾಡಿಕೊಳ್ಳುವವರು ಆ ಉದ್ಯೋಗಕ್ಕೆ ಹೊಸಬರೆಂದು ತಿಳಿಯತಕ್ಕದ್ದು.

ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ಮಂದಿ ರೋಗಿಗಳಿಗೆ ಒಬ್ಬ ದಾದಿಯಿರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಆ ರಾತ್ರಿ ಇಡೀ ವಾರ್ಡಿಗೆ ನಾನೊಬ್ಬಳೇ ಇದ್ದೆನು. ನಡುರಾತ್ರಿ ದಾಟಿತ್ತು, ಇನ್ನೊಂದು ತುದಿಯಲ್ಲಿ ಜ್ವರದ ಹುಡುಗನೊಬ್ಬನಿಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ ಗುಮಾಸ್ತರು ಕೂಗಿದರು: "ಸಿಸ್ಟರೇ, ಮೂಲೆ ಲೆಕ್ಕ ತಪ್ಪಿದೆ!" ತಮ್ಮ ಸೀಸೆಯ ಲೆಕ್ಕ ಸರಿಯಾಗಿದ್ದುದರಿಂದ ಬೇಸರಗೊಂಡು ಅವರು ಪರರ ಖಾತೆಗಳನ್ನು ಪರಿಶೀಲಿಸುತ್ತಿದ್ದರು. "ಹನಿ ಅಲ್ಲ ಅದು, ಧಾರೆ!"

ನಾನು ಓಡಿದೆ. ಉರುಳೆಯನ್ನು ಪೂರ್ತಿ ಸಡಿಲಿಸಿದ್ದರು. ಮುದುಕರು ಕುತ್ತಿಗೆಯ ನರಗಳೆಲ್ಲ ಉಬ್ಬಿ, ಮಲಗಲಾರದೆ ಮೊಣಕೈ ಊರಿ ಏಳಲು ಹೆಣಗುತ್ತಿದ್ದರು. ಎದೆಯೊಳಗಿನ ಗೊರಗೊರ ಸದ್ದು ಸ್ಟೆತಾಸ್ಕೋಪಿಲ್ಲದೆಯೇ ಕೇಳುತ್ತಿತ್ತು. ನಳಿಕೆ ಮುಚ್ಚಿದೆ, ಬೆನ್ನಿಗೆ ದಿಂಬುಗಳನ್ನೊಟ್ಟಿ ಕೂರಿಸಿ ಕಾಲು ಇಳಿಬಿಡಿಸಿದೆ, ಆಕ್ಸಿಜನ್ ಹಾಕಿದೆ, ಆಯಾಳನ್ನು ಡಾಕ್ಟರ ಬಳಿಗೆ ಓಡಿಸಿದೆ. ಅವರು ಬಂದು ಹೇಳಿದ, ಮೈಯ ನೀರನ್ನು ಮೂತ್ರವಾಗಿ ಇಳಿಸುವ ಲ್ಯಾಸಿಕ್ಸ್ ಚುಚ್ಚುಮದ್ದನ್ನು ಕೊಟ್ಟೆ. ಇಷ್ಟು ಹೊತ್ತೂ ಮಗನು ಗೋಡೆಗೆ ಆನಿಕೊಂಡು, "ಬೇಗ ಮುಗಿದ್ರೆ ಮೊದಲನೇ ಬಸ್ಸಿಗೆ ಹೋಗಬೋದು ಅಂತ..." ಎಂದು ಅಷ್ಟನ್ನೇ ಮತ್ತೆಮತ್ತೆ ಹೇಳುತ್ತಿದ್ದನು. ಅವನನ್ನು ಬೈಯಬೇಕೆಂದು ನಾಲಗೆಯ ತುದಿಯವರೆಗೆ ಬಂದಿತ್ತು. ಅವನ ಕೈಕಾಲುಗಳು ನಡುಗುತ್ತಿದ್ದುವು, ನನ್ನವೂ ನಡುಗುತ್ತಿದ್ದುವು, ಮೂತ್ರವನ್ನು ಅಳೆದು ಬರೆಯಬೇಕಾಗಿತ್ತು. ಬೆಳಗಿನ ಜಾವಕ್ಕೆ ಮುದುಕರು ಒಂದು ವಾಕ್ಯವನ್ನು ಉಸಿರು ಕಡಿಯದೆ ಆಡುವಷ್ಟಾದರು. ಆ ವಾಕ್ಯ ಮಗನನ್ನು ಕುರಿತದ್ದು, ಬರೆಯಲು ಯೋಗ್ಯವಾದುದಲ್ಲ.

ಗುಮಾಸ್ತರು ಮನೆಗೆ ಹೊರಟ ದಿನ ನನ್ನ ಮೇಜಿನ ಮೇಲೆ ಒಂದು ಹಾಳೆಯನ್ನಿಟ್ಟರು. ಮಂಡಿಯ ದುಂಡಕ್ಷರಗಳಲ್ಲಿ ಬರೆದ ಅದರ ಒಕ್ಕಣೆ ಹೀಗಿತ್ತು: ಸಂದಾಯವಾದ ಸೀಸೆ 2ಕ್ಕೆ ಹನಿ 20,000, ಖುದ್ದು ಎಣಿಸಿ ಪಡೆದದ್ದು 16,860, ಕಣ್ಣು ಹತ್ತಿದ ಕಾರಣ ಸಿಸ್ಟರ ಮಾತಿನ ಮೇಲೆ ನಂಬಿ ಜಮಾ ಮಾಡಿಕೊಂಡದ್ದು 3,140. ಕೆಳಗೆ ನನ್ನ ರುಜುವಿಗಾಗಿ ಸ್ಥಳ ಬಿಟ್ಟಿದ್ದರು. ನಾನು ಸಂಭ್ರಮದಿಂದ ಲೇಖನಿಯನ್ನೆತ್ತಿದೊಡನೆಯೇ ಅವರು ಹಾಳೆಯನ್ನು ಹಿಂದಕ್ಕೆಳೆದುಕೊಂಡರು.

"ಐದು ಸಾವಿರ ದಾಟಿದ ಮೇಲೆ ರೆವಿನ್ಯೂ ಸ್ಟಾಂಪು ಬೇಡ್ವೇನಮ್ಮ?"

"ಅದು ರೂಪಾಯಿಗೆ, ತಾತ, ಹನಿಗಲ್ಲ."

"ನಾಳೆ ಆಡಿಟ್ನೋರು ಬಂದ್ರೆ ಈ ಮಾತು ಹೇಳ್ತೀರಾ?" ಎಂದು ಕೇಳಿ, ಅವರು ಮೊಮ್ಮಗನ ಕೈಗೆ ಚಿಲ್ಲರೆ ಕೊಟ್ಟು ಅಂಚೆ ಕಚೇರಿಗೆ ಅಟ್ಟಿದರು.

ಇಷ್ಟರವರೆಗೂ ರಿಪೋರ್ಟು ಪುಸ್ತಕದಿಂದ ತಲೆಯೆತ್ತದೆ ಬರೆಯುತ್ತಿದ್ದ ಇನ್‌ಚಾರ್ಜ್ ಸಿಸ್ಟರು, "ನಿಲ್ಲು ಮರಿ, ಇನ್ನೂ ಎರಡು ಹೆಚ್ಚಿಗೆ ತಗೊಂಡ್ಬಾ" ಎಂದು ಅವನನ್ನು ಕರೆದು ನಿಲ್ಲಿಸಿ, ನನ್ನ ಕಡೆಗೆ ತಿರುಗಿದರು. "ನಿನ್ನ ಬಾಕಿ ಸಂಬಳದ ಬಿಲ್ಲು ಅಂಟಿಸೋಕೆ ಸ್ಟಾಂಪಿಲ್ಲದೆ ಹಾಗೇ ಕೂತಿದೆ."