ಜ್ವರವಿಲ್ಲದ ಮನೆಗೆ ಬ್ರೆಡ್ಡು

ಸಮೇತನಹಳ್ಳಿಯಲ್ಲಿ ಒಂದು ಪೌಂಡು ಬ್ರೆಡ್ಡನ್ನು ಯಾರ ಕಣ್ಣಿಗೂ ಬೀಳದಂತೆ ಮನೆಗೆ ತರುವುದು ಕಷ್ಟ. ಅಂಗಡಿಯಿಂದ ಮನೆ ಸೇರುವಷ್ಟರಲ್ಲಿ ಜಗಲಿ ಮೇಲೆ ಕೂತವರೆಲ್ಲ "ಯಾಕಣ್ಣ, ಮನೇಲಿ ಯಾರ್ಗೆ ಹುಷಾರಿಲ್ಲ?" ಎಂದು ಕೇಳಿರುತ್ತಾರೆ. ಬ್ರೆಡ್ಡೆಂದರೆ ಅವರಿಗೆ ಇವತ್ತಿಗೂ ಜ್ವರದವರ ಪಥ್ಯ. ಹಾಲಿನಲ್ಲಿ ಅದ್ದಿ ನುಂಗುವಂಥದ್ದು, ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿ ಹಿಡಿದು ಹೋಗುವಂಥದ್ದು. "ಯಾರ್ಗೂ ಏನಿಲ್ಲ, ನೆಂಟರು ಬರ್ತಾವ್ರೆ" ಎಂದರೆ ಕೇಳಿದವರ ಮುಖದಲ್ಲಿ ಕರುಣೆ ಉಕ್ಕುತ್ತದೆ: "ಪಾಪ, ನೆಂಟರಿಗಾ?"

ನೆಂಟರು ಅಂದರೆ ವೈಟ್‌ಫೀಲ್ಡಿನ ಕಂಪನಿಗಳಲ್ಲಿರುವ ಅಕ್ಕನ ಮಕ್ಕಳು. ನಮ್ಮೂರು ಹೊಸಕೋಟೆ ತಾಲ್ಲೂಕೇ, ಆದರೆ ವೈಟ್‌ಫೀಲ್ಡೇ ಬೆಳೆದು ಬೆಳೆದು ನಮ್ಮ ಪಕ್ಕಕ್ಕೆ ಬಂದಿದೆ. ಈ ಮಕ್ಕಳಿಗೆ ಊಟಕ್ಕೆ ಮುಂಚೆ 'ಸ್ಟಾರ್ಟರ್ಸ್' ಬೇಕು, ಹಸಿವು ಕೆರಳಬೇಕಂತೆ. ನಮ್ಮಮ್ಮನಿಗೆ ಈ ಮಾತೇ ತಲೆಗೆ ಹೋಗುವುದಿಲ್ಲ. "ಹೊಲದಲ್ಲಿ ಒಂದೆರಡು ಸಾಲು ಕಳೆ ಕಿತ್ಕೊಂಡು ಬನ್ರೋ, ಅದೇ ಕೆರಳ್ತದೆ" ಅನ್ನುತ್ತಾಳೆ. ಯಾರೂ ಎದ್ದು ಹೋಗಿದ್ದನ್ನು ನಾನು ನೋಡಿಲ್ಲ.

ಹಾಗಾಗಿ ಟೋಸ್ಟ್. ಇದು ಅಯ್ಯಂಗಾರ್ ಬೇಕರಿಗಳ ಕೊಡುಗೆ. ಹಾಸನದ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೆ ಬಂದ ಕುಟುಂಬಗಳು ಮೊಟ್ಟೆ ಮುಟ್ಟದೆ ಬೇಕರಿ ನಡೆಸಿ ಗೆದ್ದವು, ವಿ.ವಿ. ಪುರದ ವಿ.ಬಿ. ಬೇಕರಿ 1953ರದ್ದು. ಪುಳಿಯೋಗರೆಗೆ ಹೆಸರಾದವರು ಬ್ರೆಡ್ಡನ್ನು ಸಪ್ಪಗೆ ಬಿಡುತ್ತಾರೆಯೇ? ಕಾದ ಕಲ್ಲಿನ ಮೇಲೆ ಬೆಣ್ಣೆ, ಅದರಲ್ಲಿ ಬ್ರೆಡ್ಡು, ಬ್ರೆಡ್ಡಿನ ಮೇಲೆ ಖಾರದ ಪಲ್ಯ. ಇಟಲಿಯವರು ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಟೊಮೆಟೊ ಹರಡಿ, ಆಲಿವ್ ಎಣ್ಣೆ ಸುರಿದು ಬ್ರುಸ್ಕೆಟ್ಟಾ ಅನ್ನುತ್ತಾರೆ. ಅಕ್ಕನ ಮಗಳು ನಮ್ಮ ಟೋಸ್ಟನ್ನೂ ಹಾಗೇ ಕರೆಯುತ್ತಾಳೆ. ಕರೆಯಲಿ, ಆ ಹೆಸರಿಗೆ ಹೋಟೆಲಿನಲ್ಲಿ ರೇಟೇ ಬೇರೆ.

ಮಾಡುವುದರಲ್ಲಿ ಇರುವ ಜಗಳವೆಲ್ಲ ನೀರಿನದು. ಈರುಳ್ಳಿ, ಕ್ಯಾರೆಟ್ ತುರಿ, ದೊಣ್ಣೆ ಮೆಣಸಿನಕಾಯಿ, ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿನ: ಇಷ್ಟನ್ನೂ ದೊಡ್ಡ ಉರಿಯಲ್ಲಿ, ಮುಚ್ಚಳ ಹಾಕದೆ ಬಾಡಿಸಬೇಕು. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ತರಕಾರಿಯೆಲ್ಲ ತವರಿಂದ ಹೊರಟ ಮದುಮಗಳಂತೆ ನೀರು ಸುರಿಸುತ್ತದೆ. ಪಕ್ಕದಲ್ಲೇ ಕೋಲಾರ ಇರುವುದರಿಂದ ಟೊಮೆಟೊ ಮೇಲೆ ನಮಗೆ ಕೈ ಸ್ವಲ್ಪ ಧಾರಾಳ. ಹಾಕಿ, ಆದರೆ ಬೀಜದ ರಸ ಹಿಂಡಿ ಸಾರಿಗೆ ಕಳಿಸಿ. ಬ್ರೆಡ್ಡು ಇವತ್ತಿನದಕ್ಕಿಂತ ನಿನ್ನೆಯದೇ ಮೇಲು, ಅದರ ಪಸೆ ಆಗಲೇ ಸ್ವಲ್ಪ ಆರಿರುತ್ತದೆ. ದೋಸೆ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಕೆಂಪಾಗಲಿ. ಬೆಣ್ಣೆಗೆ ಜಿಪುಣತನ ಬೇಡ. ರುಚಿಯ ಮಾತು ಹಾಗಿರಲಿ, ಪಲ್ಯದ ಪಸೆ ಬ್ರೆಡ್ಡಿಗೆ ಬೇಗ ಇಳಿಯದಂತೆ ತಡೆಯುವುದೂ ಅದೇ. ಮೇಲೆ ಕೊತ್ತಂಬರಿ ಸೊಪ್ಪು, ಎರಡು ಹನಿ ನಿಂಬೆರಸ. ಚೀಸು ತುರಿಯುವವರು ತುರಿದುಕೊಳ್ಳಲಿ, ನನಗದು ಬೇಕಿಲ್ಲ.

ಹಸಿವು ಕೆರಳಿಸುವ ವಿಷಯಕ್ಕೆ ಬಂದರೆ, ಈ ತಿಂಡಿ ಪೂರ್ತಿ ಫೇಲು. ಮಕ್ಕಳು ಹೆಂಚಿನ ಸುತ್ತ ನಿಂತು ಒಂದಾದ ಮೇಲೊಂದು ಮುಗಿಸುತ್ತಾರೆ. ಬಸ್ಸಾರು, ಮುದ್ದೆ ಪಾತ್ರೆಯಲ್ಲಿ ತಣ್ಣಗಾಗುತ್ತವೆ. "ಶುರು ಮಾಡೋದ್ರಲ್ಲೇ ಮುಗಿಸಿಬಿಟ್ರಲ್ಲ" ಎಂದು ಗೊಣಗುತ್ತಾ ಅಮ್ಮನೂ ಒಂದು ತಿನ್ನುತ್ತಾಳೆ. ಖಾರ ಸಾಲದು ಎಂದು ಇನ್ನೊಂದನ್ನೂ ಪರೀಕ್ಷೆ ಮಾಡುತ್ತಾಳೆ.

ಕೊನೆಗೊಂದು ಮಾತು. ಹೊರಡುವಾಗ ನೆಂಟರು "ಮಾವ, ನಾಲ್ಕು ಪ್ಯಾಕ್ ಮಾಡಿಕೊಡಿ" ಅನ್ನುತ್ತಾರೆ. ಕೊಡಬೇಡಿ. ಡಬ್ಬಿಯೊಳಗಿನ ಹಬೆಗೆ ಕಾಡುಗೋಡಿ ದಾಟುವಷ್ಟರಲ್ಲಿ ಟೋಸ್ಟು ಮೆತ್ತಗಾಗಿ ಉಪ್ಪಿಟ್ಟಾಗಿರುತ್ತದೆ, ಆಮೇಲೆ ಬೈಗುಳ ಮಾಡಿದವರಿಗೇ. ಪಲ್ಯವನ್ನು ಬೇರೆ ಡಬ್ಬಿಗೆ ಹಾಕಿಕೊಡಿ, ಬ್ರೆಡ್ಡು ಅವರೇ ಕೊಂಡುಕೊಳ್ಳಲಿ.