ಅಕ್ಕಿಯ ಅಭಾವವೂ ಇಡ್ಲಿಯ ಅವತಾರವೂ

ಉದ್ಯಮಶೀಲತೆ, ಅಂದರೆ ನಷ್ಟದ ಸಂಭವವನ್ನು ತಿಳಿದೂ ತಿಳಿದೂ ಬಂಡವಾಳ ಹೂಡುವ ಗುಣ, ಸಾಮಾನ್ಯವಾಗಿ ಸೂಟುಬೂಟಿನವರ ಭಾಷಣಗಳಲ್ಲಿ ವಿಜೃಂಭಿಸುತ್ತದೆಯಾದರೂ, ಅದರ ಶಾಸ್ತ್ರೀಯ ಅಧ್ಯಯನಕ್ಕೆ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ, ಅಂದರೆ ಎಂ.ಟಿ.ಆರ್.ನ ಅಡುಗೆಮನೆಯೇ ಹೆಚ್ಚು ಪ್ರಶಸ್ತ. ಅಲ್ಲಿಯ ಆಕರಗಳಿಗೆ ತುಪ್ಪದ ಪರಿಮಳವಾದರೂ ಇದೆ. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಈ ಸಂಸ್ಥೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಜಪಾನೀ ಸೇನೆ ಬರ್ಮಾವನ್ನು ಹಿಡಿದುದರಿಂದ ಅಲ್ಲಿಯ ಅಕ್ಕಿ ಭಾರತಕ್ಕೆ ಬರುವುದು ನಿಂತು, ಯುದ್ಧಕ್ಕೂ ಇಡ್ಲಿಗೂ ಇರುವ ಸಂಬಂಧವನ್ನು ಯಾವ ಸೇನಾಧಿಪತಿಯೂ ಊಹಿಸದಿದ್ದ ರೀತಿಯಲ್ಲಿ ಲೋಕಕ್ಕೆ ತೋರಿಸಿಕೊಟ್ಟಿತು. ಅಕ್ಕಿಯಿಲ್ಲವೆಂದು ಒಲೆ ಆರಿಸುವ ಬದಲು, ಗೋಧಿಯನ್ನು ತರಿತರಿಯಾಗಿ ಒಡೆದ ರವೆಗೆ ಮೊಸರು ಬೆರೆಸಿ, ಒಗ್ಗರಣೆ ಹಾಕಿ, ಮೇಲೊಂದು ಗೋಡಂಬಿಯನ್ನು ಕಿರೀಟದಂತೆ ಕೂರಿಸಿ ಹಬೆಯಲ್ಲಿ ಬೇಯಿಸಿದಾಗ ರವೆ ಇಡ್ಲಿ ಹುಟ್ಟಿತೆಂಬುದು ಸಂಸ್ಥೆಯ ಹೇಳಿಕೆ; ತಿಂದವರು ಇದಕ್ಕೆ ಹೆಚ್ಚಿನ ಪುರಾವೆ ಕೇಳಿದಂತಿಲ್ಲ.

ಎರಡನೆಯ ಪೆಟ್ಟು ಸ್ವದೇಶಿಯೇ. 1975ರ ತುರ್ತುಪರಿಸ್ಥಿತಿಯಲ್ಲಿ, ಅಂದರೆ ನಾಗರಿಕ ಹಕ್ಕುಗಳ ಜೊತೆಗೆ ತಿಂಡಿಯ ಬೆಲೆಗೂ ಕಡಿವಾಣ ಬಿದ್ದ ಕಾಲದಲ್ಲಿ, ನಿಗದಿತ ದರದಲ್ಲಿ ಗುಣಮಟ್ಟ ಉಳಿಸಲಾಗದೆ ಹೋಟೆಲು ಬಾಗಿಲು ಮುಚ್ಚಿತು. ಆದರೆ ಸಿದ್ಧ ಮಿಶ್ರಣಗಳ, ಅಂದರೆ ಗೃಹಿಣಿಯರ ಅರ್ಧ ಶ್ರಮವನ್ನು ಮೊದಲೇ ಮುಗಿಸಿಟ್ಟ ಪೊಟ್ಟಣಗಳ ವ್ಯಾಪಾರ ಬೆಳೆಯಿತು. 1984ರಲ್ಲಿ ಬಾಗಿಲು ಮತ್ತೆ ತೆರೆದ ಮೇಲೆ, ಹಿನ್ನಡೆಯನ್ನು ತಾಳ್ಮೆಯಿಂದ ಎದುರಿಸುವ ಹೊಣೆ ಭಾನುವಾರದ ಬೆಳಗ್ಗೆ ಸರದಿಯಲ್ಲಿ ನಿಂತ ಹಸಿದ ಗ್ರಾಹಕರಿಗೆ ವರ್ಗವಾಗಿದೆ.